ಅಜ್ಜಿಯ ಕರಡಿಗೆ

ಪ್ರೀತಿಯ ಪುಟ್ಟಿ,

ಕೊನೆಗಾಲದ ರೋಗಿಗಳ ವಾರ್ಡಿಗೆ ಡ್ಯೂಟಿ ಹಾಕಿದ್ದಾರೆ ಅಂದೆಯಲ್ಲ, ಆಗ ಕುಕ್ಕರ್ ಕೂಗುತ್ತಿತ್ತು, ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜಿಯನ್ನು ಐಸಿಯುಗೆ ಸೇರಿಸಿದಾಗ ನಿನಗೆ ಪರೀಕ್ಷೆ, ಈ ವಿಷಯ ಹೇಳಿರಲಿಲ್ಲ. ಒಳಗೆ ಕರೆದುಕೊಂಡು ಹೋದ ಹತ್ತು ನಿಮಿಷಕ್ಕೆ ಸಿಸ್ಟರ್ ಒಬ್ಬರು ಬಂದು ನನ್ನ ಕೈಗೆ ಪ್ಲಾಸ್ಟಿಕ್ ಕವರ್ ಕೊಟ್ಟರು. ಬಳೆ, ಓಲೆ, ಹಲ್ಲಿನ ಸೆಟ್ಟು, ಜೊತೆಗೆ ದಾರ ಕತ್ತರಿಸಿದ ಬೆಳ್ಳಿ ಕರಡಿಗೆ, ಅದರೊಳಗೆ ಇಷ್ಟಲಿಂಗ. ದೀಕ್ಷೆಯಾದಾಗ ಕಟ್ಟಿಕೊಂಡ ಆ ಲಿಂಗವನ್ನು ಅಜ್ಜಿ ಒಂದು ದಿನವೂ ಮೈಯಿಂದ ದೂರ ಇಟ್ಟವಳಲ್ಲ. ಸಿಸ್ಟರ್ ಕೆಟ್ಟವರೇನಲ್ಲ, ಪಾಪ, ಅವರ ಲೆಕ್ಕದಲ್ಲಿ ಅದೂ ಒಂದು ಒಡವೆ. ಸಂಜೆ ಒಳಗೆ ಬಿಟ್ಟಾಗ ನೋಡಿದರೆ ಅಜ್ಜಿಯ ಕೈ ಎದೆ ಮೇಲೆ ತಡಕಾಡುತ್ತಿತ್ತು. "ಪೈಪ್ ಕೀಳೋಕೆ ನೋಡ್ತಾರೆ, ಕೈ ಕಟ್ಟಬೇಕಾಗುತ್ತೆ" ಅಂದರು. ಪೈಪ್ ಅಲ್ಲ ಕಣೆ ಅವಳು ಹುಡುಕುತ್ತಿದ್ದದ್ದು. ಎರಡು ದಿನ ಬೇಡಿಕೊಂಡ ಮೇಲೆ ರಾತ್ರಿ ಪಾಳಿಯ ಆಯಾ ಕರಡಿಗೆಯನ್ನು ಗಾಜ್ ಬಟ್ಟೆಯಲ್ಲಿ ಸುತ್ತಿ ಅಂಗೈಯಲ್ಲಿ ಇಟ್ಟರು. ಕೈ ಸುಮ್ಮನಾಯಿತು.

ಹಾಗಂತ ಲಿಂಗಾಯತರು ಅಂದ ತಕ್ಷಣ ಲಿಂಗ ಹುಡುಕಬೇಡ! ನಿನ್ನ ತಾತ ಅದೇ ಮನೆಯಲ್ಲಿ ಇದ್ದು ಅದನ್ನು ಕಟ್ಟಿಕೊಂಡವರಲ್ಲ, ಸ್ವಾಮಿಗಳನ್ನು ಕರೆಸಬೇಡಿ, ರೇಡಿಯೋ ಹಾಕಿ ಸಾಕು ಅಂದವರು. ಫೈಲಿನಲ್ಲಿ ಜಾತಿ ನೋಡಿ ನಡೆದುಕೊಂಡಿದ್ದರೆ ಇಬ್ಬರಲ್ಲಿ ಒಬ್ಬರಿಗೆ ತಪ್ಪಾಗುತ್ತಿತ್ತು, ಅಲ್ವಾ?

ನಿನ್ನ ವಾರ್ಡಿಗೆ ಎಲ್ಲರೂ ಬರುತ್ತಾರೆ. ಮಂಚವನ್ನು ಕಿಬ್ಲಾ ಕಡೆ, ಅಂದರೆ ಮೆಕ್ಕಾ ದಿಕ್ಕಿಗೆ, ನಮ್ಮಲ್ಲಿ ಪಶ್ಚಿಮಕ್ಕೆ, ತಿರುಗಿಸಿ ಅನ್ನುವ ಮುಸ್ಲಿಮರು, ಎಣ್ಣೆ ಹಚ್ಚಿ ಪ್ರಾರ್ಥಿಸಲು ಪಾದ್ರಿ ಬರಲಿ ಅನ್ನುವ ಮಂಗಳೂರಿನ ಕಥೋಲಿಕರು. ಜೈನರ ಅಜ್ಜ ಊಟ ಬಿಟ್ಟರೆ ಗಾಬರಿಯಿಂದ ಬೈಯಬೇಡ. ಹೀಗೆ ಊಟ ಬಿಟ್ಟು ಸಾವನ್ನು ಬರಮಾಡಿಕೊಳ್ಳುವ ಸಲ್ಲೇಖನ ವ್ರತವನ್ನು ಆತ್ಮಹತ್ಯೆ ಅಂತ 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಹೇಳಿತ್ತು, ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆದರೆ ಮೊದಲು ಬಾಯಿ ತೆರೆಸಿ ನೋಡು, ಸುಮ್ನೆ ಹುಣ್ಣಾಗಿಯೂ ಇರಬಹುದು. ಮರೆವಿನ ಕಾಯಿಲೆಯವರು ಕೆಲವರು ಕನ್ನಡ ಬಿಟ್ಟು ತುಳುವಿಗೋ ಕೊಂಕಣಿಗೋ ಮರಳುತ್ತಾರೆ. ನೋವಿಗೆ, ಉಚ್ಚೆಗೆ ಏನನ್ನುತ್ತಾರೆ ಅಂತ ಮನೆಯವರನ್ನು ಕೇಳಿ ಮಂಚದ ಹತ್ತಿರ ಬರೆದು ಅಂಟಿಸು.

ಇನ್ನು ನನ್ನದು. ವೆಂಟಿಲೇಟರ್ ಬೇಡ ಅಂತ ಮುಂಚೆಯೇ ಬರೆದಿಡಬಹುದು ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತ್ತು, ಆದರೆ ಅದಕ್ಕೆ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, ಯಾರು ಓಡಾಡುತ್ತಾರೆ? 2023ರಲ್ಲಿ ಸಡಿಲ ಮಾಡಿದರು: ಇಬ್ಬರು ಸಾಕ್ಷಿ, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ. ನಮ್ಮ ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಹೋದ ವಾರ ಮಾಡಿಸಿದೆ, ನನಗೆ ಹೇಳಲು ಆಗದಿದ್ದಾಗ ನನ್ನ ಪರವಾಗಿ ತೀರ್ಮಾನಿಸಲು ನಿನ್ನ ಮತ್ತು ಚಿಕ್ಕಮ್ಮನ ಹೆಸರು ಹಾಕಿದ್ದೇನೆ. ಕೋಪ ಮಾಡ್ಕೋಬೇಡ.

ಅದರಲ್ಲಿ ಬರೆಯದೇ ಇದ್ದದ್ದು ಎರಡಿದೆ. ಬಾಯಿ ಒಣಗಿದರೆ ಹತ್ತಿಯಲ್ಲಿ ಕಾಫಿ ಅದ್ದಿ ತುಟಿಗೆ ಹಚ್ಚು, ಸ್ಟ್ರಾಂಗ್ ಇರಲಿ. ಮತ್ತೆ, ನನ್ನ ಕರಡಿಗೆ ಬೀರುವಿನ ಮೇಲಿನ ಅರೆಯಲ್ಲಿದೆ. ಕಟ್ಟಿಕೊಳ್ಳುವುದು ಬಿಟ್ಟು ಎಷ್ಟೋ ವರ್ಷ ಆಯಿತು. ಆಗ ಬೇಕು ಅನಿಸುತ್ತೋ ಇಲ್ಲವೋ, ಈಗ ಹೇಳಲು ಬರುವುದಿಲ್ಲ. ತಂದು ತೋರಿಸು. ಕೈ ಚಾಚಿದರೆ ಕೊಡು.

ನಿನ್ನ ಅಮ್ಮ