ಬಿಸಿಜಿ ಕೆಲಸ ಮಾಡಬೇಕಾದರೆ

ಮಾನ್ಯರೇ,

ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ, ಅಂದರೆ ಇಮ್ಯುನೊಥೆರಪಿ ಎಂದೊಡನೆ ಲಕ್ಷಗಟ್ಟಲೆ ಬೆಲೆಯ ಹೊಸ ಇಂಜೆಕ್ಷನ್‌ಗಳ ಮಾತೇ ಬರುತ್ತದೆ. ಮಗು ಹುಟ್ಟಿದೊಡನೆ ಎಡತೋಳಿಗೆ ಹಾಕಿಸುವ ಕ್ಷಯದ ಲಸಿಕೆ ಬಿಸಿಜಿಯೂ ಇಮ್ಯುನೊಥೆರಪಿಯೇ. ಕೆನಡಾದ ಆಲ್ವಾರೊ ಮೊರಾಲೆಸ್ 1976ರಲ್ಲಿ ಅದನ್ನು ಮೂತ್ರಕೋಶದ ಕ್ಯಾನ್ಸರ್‌ಗೆ ಬಳಸಿ ವರದಿ ಮಾಡಿದರು. ಸ್ನಾಯುವಿಗೆ ಇಳಿಯದ, ಆದರೆ ಮರುಕಳಿಸುವ ಅಪಾಯ ಹೆಚ್ಚಿರುವ ಗಡ್ಡೆಗಳಿಗೆ ಇಂದಿಗೂ ಅದೇ ಮೊದಲ ಆಯ್ಕೆ.

ನಮ್ಮ ದೇಹಕ್ಕೆ ಹುಟ್ಟಿನಿಂದಲೇ ಬಂದ, ಅಪಾಯವನ್ನು ಗುರುತಿಸುವ ಕಾವಲು ಗ್ರಾಹಕಗಳಿವೆ. ಅವುಗಳಲ್ಲಿ ಟಿಎಲ್‌ಆರ್-2, ಟಿಎಲ್‌ಆರ್-4 ಎಂಬುವು ಬಿಸಿಜಿ ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಗುರುತಿಸಿ ಕೂಗು ಹಾಕುತ್ತವೆ. ಮೊದಲು ನ್ಯೂಟ್ರೊಫಿಲ್, ಆಮೇಲೆ ಟಿ-ಕೋಶ ಎಂಬ ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಈ ಮೊದಲ ಕೂಗೇ ಏಳದ ಗಡ್ಡೆಗಳಲ್ಲಿ ಟಿ-ಕೋಶಗಳ ತಡೆ ತೆಗೆಯುವ ದುಬಾರಿ ಪಿಡಿ-1 ಔಷಧಗಳೂ ಹೆಚ್ಚಾಗಿ ಸೋಲುತ್ತವೆ. ಹಾಗೆಂದು ಯಾವ ಗ್ರಾಹಕವನ್ನಾದರೂ ಕೆಣಕಿದರೆ ಸಾಲದು: ಇಲಿಗಳಲ್ಲಿ ಗಡ್ಡೆ ಕರಗಿಸಿದ ಡಿಎಂಎಕ್ಸ್‌ಎಎ ಎಂಬ ಔಷಧ ಮನುಷ್ಯರಲ್ಲಿ ವಿಫಲವಾಯಿತು. ಅದು ಇಲಿಯ ಸ್ಟಿಂಗ್ ಎಂಬ ಇನ್ನೊಂದು ಕಾವಲು ಗ್ರಾಹಕಕ್ಕೆ ಅಂಟುತ್ತಿತ್ತು, ಮನುಷ್ಯರದ್ದಕ್ಕೆ ಅಲ್ಲ.

ಬಿಸಿಜಿಯ ಸೋಲು ಮಾತ್ರ ಎಷ್ಟೋ ಸಲ ಸಣ್ಣ ಅಜಾಗರೂಕತೆಯಿಂದ. ಗಡ್ಡೆ ಕೆರೆದು ತೆಗೆದ ಮೇಲೆ ಕನಿಷ್ಠ 2 ವಾರ ಗಾಯ ಮಾಯಬೇಕು. ಆಮೇಲೆ ವಾರಕ್ಕೊಂದರಂತೆ 6 ಬಾರಿ, 50 ಮಿ.ಲೀ. ಸಲೈನ್‌ನಲ್ಲಿ ಬೆರೆಸಿ ಕ್ಯಾತಿಟರ್ ಎಂಬ ತೆಳು ಕೊಳವೆಯ ಮೂಲಕ ಮೂತ್ರಕೋಶದೊಳಗೆ ಬಿಟ್ಟು 2 ಗಂಟೆ ಹಿಡಿದಿಡಬೇಕು. ಮುಂಚಿನ ಕೆಲವು ಗಂಟೆ ನೀರು ಕಡಿಮೆ ಕುಡಿಯದಿದ್ದರೆ ಔಷಧ ತೆಳುವಾಗುತ್ತದೆ, ತಡೆದುಕೊಳ್ಳುವುದೂ ಕಷ್ಟ. ಕ್ಯಾತಿಟರ್ ಹಾಕುವಾಗ ರಕ್ತ ಬಂದರೆ ಅಂದು ಬಿಸಿಜಿ ಕೊಡಲೇಬಾರದು: ಜೀವಂತ ಬ್ಯಾಕ್ಟೀರಿಯಾ ರಕ್ತ ಸೇರಿ ಮೈಯೆಲ್ಲ ಸೋಂಕಾಗಬಹುದು. ಉರಿಮೂತ್ರಕ್ಕೆಂದು ಸಿಪ್ರೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯಾಟಿಕ್ ಮಾತ್ರೆ ಬರೆದುಕೊಟ್ಟರೆ ಅದು ಬಿಸಿಜಿಯನ್ನೇ ಕೊಲ್ಲಬಲ್ಲದು. ಮೊದಲ 6 ಗಂಟೆ ಪ್ರತಿ ಸಲ ಮೂತ್ರ ಮಾಡಿದ ಮೇಲೆ ಶೌಚದ ಗುಂಡಿಗೆ ಬ್ಲೀಚ್ ಸುರಿದು 15 ನಿಮಿಷ ಬಿಟ್ಟು ನೀರು ಹಾಕಬೇಕು. ಜ್ವರ ಇಳಿಯದಿದ್ದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಬರಬೇಕು.

ಎಲ್ಲಕ್ಕಿಂತ ದೊಡ್ಡ ನಷ್ಟ, 6 ಡೋಸ್ ಮುಗಿದೊಡನೆ ಬರುವುದನ್ನೇ ನಿಲ್ಲಿಸುವುದು. ಅಪಾಯ ಹೆಚ್ಚಿರುವವರಿಗೆ 3, 6, 12ನೇ ತಿಂಗಳಲ್ಲಿ, ನಂತರ ಆರು ತಿಂಗಳಿಗೊಮ್ಮೆ 36ನೇ ತಿಂಗಳವರೆಗೆ, ಪ್ರತಿ ಸಲ 3 ವಾರದ ಸರಣಿ ಬೇಕು. ಊರಿನಿಂದ ಬಸ್ಸು ಹತ್ತಿ ಬರುವವರಿಗೆ ಈ ತಾರೀಖುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿದ ಕಾರ್ಡೊಂದನ್ನು, ತೆಗೆದುಕೊಳ್ಳಬಾರದ ಆ್ಯಂಟಿಬಯಾಟಿಕ್‌ಗಳ ಹೆಸರಿನ ಸಮೇತ, ಎಲ್ಲ ಆಸ್ಪತ್ರೆಗಳೂ ಮೊದಲ ದಿನವೇ ಕೈಗಿಡಲಿ.

– ಒಬ್ಬ ಮೂತ್ರರೋಗ ತಜ್ಞ, ಮೈಸೂರು