ಕರಿಯನ ಕಪ್ಪು, ಕೊಕ್ಕರೆಯ ಆಕಾಶ

ಚಿ|| ಸುಹಾಸನಿಗೆ,

ನಿನ್ನ ಮಾವ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನಿಮ್ಮ ಕ್ಷೇಮಸಮಾಚಾರ ಅಕ್ಕ ದಿನಕ್ಕೆರಡು ಸಲ ಫೋನಿನಲ್ಲಿ ಹೇಳುತ್ತಲೇ ಇರುತ್ತಾಳೆ. ನಿಮ್ಮ ನಾಯಿ ಕರಿಯನದು, ಕೊಕ್ಕರೆ ಬೆಳ್ಳೂರಿನ ಹಕ್ಕಿಗಳದು ಅಂತ ನೀನು ವಾಟ್ಸಾಪಿನಲ್ಲಿ ಕಳಿಸಿದ 41 ಫೋಟೋಗಳನ್ನೂ ನೋಡಿದೆ. ಒಂದು ಹೆಬ್ಬೆಟ್ಟಿನ ಗುರುತು ಹಾಕಿ ಸುಮ್ಮನಾಗಬಹುದಿತ್ತು. ಆದರೆ ನೀನು "ಮಾವ, ನಿಜ ಹೇಳಿ" ಅಂತ ಕೇಳಿಬಿಟ್ಟಿದ್ದೀಯ. ಮದ್ದೂರಿನಲ್ಲಿ 30 ವರ್ಷ ಸ್ಟುಡಿಯೋ ನಡೆಸಿದವನ ಹತ್ತಿರ ಆ ಮಾತು ಆಡಬಾರದಿತ್ತು. ಈಗ ಅನುಭವಿಸು.

ಮೊದಲು ಕರಿಯನ ವಿಷಯ. ಜಗುಲಿಯ ಮೇಲೆ ಮುಂಗಾಲು ಚಾಚಿ ಮಲಗಿದ್ದಾನಲ್ಲ, ಆ ಫೋಟೋದಲ್ಲಿ ಅವನು ಕರಿಯನೇ ಅಲ್ಲ, ಒಲೆ ಬೂದಿಯಲ್ಲಿ ಹೊರಳಾಡಿ ಬಂದವನು. ಇದರಲ್ಲಿ ನಿನ್ನ ತಪ್ಪು ಅರ್ಧ ಮಾತ್ರ. ಕ್ಯಾಮೆರಾಕ್ಕೆ ಎದುರಿಗಿರುವುದು ನಾಯಿಯೋ ಬೆಳ್ಳಕ್ಕಿಯೋ ಗೊತ್ತಾಗುವುದಿಲ್ಲ. ಏನು ತೋರಿಸಿದರೂ ಅದು ನಡುಮಧ್ಯದ ಬೂದುಬಣ್ಣ ಅಂದುಕೊಂಡು ಬೆಳಕು ಅಳೆಯುತ್ತದೆ. ಚೌಕಟ್ಟಿನ ತುಂಬ ಕರಿ ನಾಯಿ ಇದ್ದರೆ "ಪಾಪ, ಕತ್ತಲೆ" ಅಂತ ಬೆಳಗಿಸುತ್ತದೆ. ಬೆಳ್ಳಕ್ಕಿ ಇದ್ದರೆ ಮಬ್ಬು ಮಾಡಿ, ನೀಲಿ ಹಾಕದೆ ಒಗೆದ ಪಂಚೆಯ ಹಾಗೆ ಮಾಡುತ್ತದೆ. ಅದಕ್ಕೇ ಕರಿಯನನ್ನು ತೆಗೆಯುವಾಗ ಬೆಳಕಿನ ಪ್ರಮಾಣ, ಅಂದರೆ ಎಕ್ಸ್‌ಪೋಶರ್ ಒಂದು ಹೆಜ್ಜೆ ಇಳಿಸು, ಬಿಳಿ ಹಕ್ಕಿಗೆ ಅಷ್ಟೇ ಏರಿಸು. ಹಿಂದೆ ದೊಡ್ಡ ಬಿಳಿ ಗೋಡೆ ಇದ್ದರೆ ಮಾತ್ರ ಲೆಕ್ಕ ತಿರುಗುಮುರುಗು. ಗೋಡೆಯನ್ನು ನೋಡಿ ಕ್ಯಾಮೆರಾ ಬೆದರುತ್ತದೆ, ಕರಿಯ ಇದ್ದಿಲಾಗುತ್ತಾನೆ.

ನಿನ್ನ ಪಾಲಿನ ಅರ್ಧ ತಪ್ಪು ಆಮೇಲೆ ಮಾಡಿದ್ದು. ರೋಮ ಕಾಣಲಿ ಅಂತ, ಕತ್ತಲ ಭಾಗವನ್ನಷ್ಟೇ ಬೆಳಗಿಸುವ ಶ್ಯಾಡೋ ಸ್ಲೈಡರನ್ನು ಕೊನೆವರೆಗೂ ಎಳೆದಿದ್ದೀಯ. ಕತ್ತಲಲ್ಲಿ ಅಡಗಿದ್ದ ಕಾಳುಕಾಳು ನಾಯ್ಸ್ ಎಲ್ಲ ಮೇಲೆದ್ದಿತು. ಅದನ್ನು ಮುಚ್ಚಲು ನುಣುಪು ಮಾಡಿದೆ. ಈಗ ಅವನ ಕುತ್ತಿಗೆ ನೋಡು, ರೋಮ ಎಲ್ಲಿದೆ? ರೆಕ್ಸಿನ್ ಸೀಟು! ಮೂಲ ಫೈಲಿನಿಂದ ಮತ್ತೆ ಶುರು ಮಾಡು. ಮೊದಲು ಎಕ್ಸ್‌ಪೋಶರ್ ಇಳಿಸುತ್ತಾ ಹೋಗು, ಕಣ್ಣಿಗೆ "ಇವನೇ ಕರಿಯ" ಅನ್ನಿಸಿದಲ್ಲಿ ನಿಲ್ಲಿಸು. ಆಮೇಲೆ ಶ್ಯಾಡೋ ಒಂದಿಷ್ಟೇ ಇಷ್ಟು ಎತ್ತು, ರೋಮ ಯಾವ ಕಡೆ ಮಲಗಿದೆ ಅಂತ ತಿಳಿಯುವಷ್ಟು. ಕಪ್ಪು ಅಂದರೆ ಒಂದೇ ಬಣ್ಣ ಅಲ್ಲ ಕಣೋ. ಬಿಸಿಲು ಬಿದ್ದ ಬೆನ್ನಲ್ಲಿ ಕಂದು ಇರುತ್ತದೆ, ನೆರಳಿನ ಪಕ್ಕೆಯಲ್ಲಿ ಆಕಾಶದ ನೀಲಿ ಇರುತ್ತದೆ. ಅದು ಕೊಳೆಯಲ್ಲ, ಬಿಡು. ಅವನ ಎದೆಯ ಬಿಳಿ ಮಚ್ಚೆಗೆ ಹುಲ್ಲಿನ ಹಸಿರು ಮೆತ್ತಿದೆಯಲ್ಲ, ಅದನ್ನು ಬೇಕಾದರೆ ಅಲ್ಲಿಗೆ ಮಾತ್ರ ಬ್ರಷ್ ಹಚ್ಚಿ ತೆಗೆ.

ಕಣ್ಣು. ಫ್ಲಾಶ್ ಹೊಡೆದ ಮೂರೂ ಫೋಟೋಗಳಲ್ಲಿ ಅವನ ಕಣ್ಣು ಹಸಿರು ಲಾಟೀನು. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪೊರೆ ಇದೆ, ಬೆಳಕನ್ನು ವಾಪಸು ಎಸೆಯುತ್ತದೆ. ಮನುಷ್ಯರ ಕೆಂಗಣ್ಣು ಸರಿಮಾಡುವ ಬಟನ್ನು ಕೆಂಪನ್ನು ಹುಡುಕುತ್ತದೆ, ಹಸಿರು ಕಂಡರೆ ಅದಕ್ಕೆ ದಿಕ್ಕು ತೋಚುವುದಿಲ್ಲ. ಪಾಪೆಯ ಜಾಗದ ಬಣ್ಣ ತೆಗೆದು ಕಪ್ಪು ಮಾಡಬಹುದು. ಆದರೆ ಇಷ್ಟೆಲ್ಲ ಯಾಕೆ? ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ಬಿಸ್ಕತ್ತು ತೋರಿಸು. ಹೊರಗಿನ ಬೆಳಕಿನ ಒಂದು ಚುಕ್ಕಿ ತಾನಾಗಿ ಕಣ್ಣಲ್ಲಿ ಕೂರುತ್ತದೆ. ನೀನೂ ನೆಲಕ್ಕೆ ಕೂತು ತೆಗೆ. ನಿಂತು ತೆಗೆದ ನಾಯಿಗೆ ಬರೀ ನೆತ್ತಿ ಇರುತ್ತದೆ.

ನೀವು ಈಗ ಡಾಡ್ಜ್ (ತಿಳಿ ಮಾಡುವುದು), ಬರ್ನ್ (ಗಾಢ ಮಾಡುವುದು) ಅಂತ ಬೆರಳಲ್ಲಿ ಸವರುವುದನ್ನು ನಾವು ಡಾರ್ಕ್‌ರೂಮಿನಲ್ಲಿ ಕೈಯಲ್ಲೇ ಮಾಡುತ್ತಿದ್ದೆವು. ಸೈಕಲ್ಲಿನ ಹಳೇ ಕಡ್ಡಿಯ ತುದಿಗೆ ಎಂಟಾಣೆ ಅಗಲದ ರಟ್ಟು ಅಂಟಿಸಿ, ನೆಗೆಟಿವನ್ನು ದೊಡ್ಡದು ಮಾಡಿ ಬೀಳಿಸುವ ಎನ್ಲಾರ್ಜರಿನ ಬೆಳಕಿಗೂ ಪೇಪರಿಗೂ ನಡುವೆ ಹಿಡಿದು ಅಲ್ಲಾಡಿಸುತ್ತಿದ್ದೆ. ರಟ್ಟಿನ ನೆರಳು ಬಿದ್ದ ಜಾಗ ಪ್ರಿಂಟಿನಲ್ಲಿ ತಿಳಿಯಾಗುತ್ತಿತ್ತು. ಕೈ ಒಂದು ಕ್ಷಣ ನಿಂತರೆ ಮದುಮಗನ ತಲೆ ಸುತ್ತ ದೇವರ ಪಟದ ಹಾಗೆ ಪ್ರಭಾವಳಿ ಮೂಡುತ್ತಿತ್ತು. ನಿನ್ನ ಕೊಕ್ಕರೆಯ ಕತ್ತಿನ ಸುತ್ತ ಇರುವುದೂ ಅದೇ ಪ್ರಭಾವಳಿ. ಬ್ರಷ್ಷಿನ ಅಂಚು ಮೆತ್ತಗಿಡು, ಅಂಚುಗಳನ್ನು ಎದ್ದು ಕಾಣಿಸುವ ಕ್ಲಾರಿಟಿಯನ್ನು ಉಪ್ಪಿನ ಹಾಗೆ ಬಳಸು. ಇನ್ನೊಂದು ಮಾತು. ಒದ್ದೆ ಪ್ರಿಂಟು ಟ್ರೇನಲ್ಲಿ ಚೆಂದ ಕಾಣುತ್ತಿತ್ತು, ಒಣಗಿದರೆ ಒಂದು ಛಾಯೆ ಮಂಕಾಗುತ್ತಿತ್ತು. ಅದಕ್ಕೆ ಬೆಳಿಗ್ಗೆವರೆಗೂ ಯಾರಿಗೂ ತೋರಿಸುತ್ತಿರಲಿಲ್ಲ. ನೀನು ರಾತ್ರಿ ಹನ್ನೊಂದಕ್ಕೆ ಫೋನಿನ ಬೆಳಕು ಪೂರ್ತಿ ಏರಿಸಿಕೊಂಡು ತಿದ್ದಿ ಆಗಲೇ ಕಳಿಸುತ್ತೀಯ. ಕಾಗದಕ್ಕೆ ಹಾಕಿಸಿದಾಗ ಅದೇ ಫೋಟೋ ಕತ್ತಲೆ ಬರುತ್ತದೆ, ಆಮೇಲೆ ಲ್ಯಾಬಿನವನನ್ನು ಬೈಯುತ್ತೀಯ.

ಈಗ ನನ್ನದೇ ಒಂದು ಪೆದ್ದುತನ ಹೇಳುತ್ತೇನೆ, ನಿನ್ನಮ್ಮನಿಗೂ ಗೊತ್ತಿಲ್ಲ. ಸ್ಟುಡಿಯೋ ಹಾಕಿದ ಹೊಸತು. ರೈತರೊಬ್ಬರು ಸತ್ತುಹೋದ ಎತ್ತಿನ ಫೋಟೋ ತಂದು "ದೊಡ್ಡದು ಮಾಡಿಕೊಡಿ, ನಡುಮನೆಯಲ್ಲಿ ಹಾಕಬೇಕು" ಅಂದರು. ಎತ್ತಿನ ಎಡಗಿವಿ ಹರಿದಿತ್ತು. ನನಗೆ ಟಚಿಂಗ್ ಕಲಿತ ಹುರುಪು. ಸಣ್ಣ ಬ್ರಷ್ಷಿನಲ್ಲಿ ಎರಡು ರಾತ್ರಿ ಕೂತು ಕಿವಿಯನ್ನು ಪೂರ್ತಿ ಮಾಡಿದೆ, ಕಣ್ಣ ಕೆಳಗಿನ ನೀರಿನ ಕಲೆ ಅಳಿಸಿದೆ. ಅವರು ಬಂದು ಫ್ರೇಮನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಚೆನ್ನಾಗದೆ ಸ್ವಾಮಿ. ಇದ್ಯಾರ ಮನೆ ಎತ್ತು?" ಅಂದರು. ಮತ್ತೊಂದು ಪ್ರಿಂಟು ಹಾಕಿಕೊಟ್ಟೆ, ಹರಿದ ಕಿವಿಯದು. ದುಡ್ಡು ತೆಗೆದುಕೊಳ್ಳಲು ಮುಖ ಬರಲಿಲ್ಲ.

ಕರಿಯನ ಮೂತಿ ಮೇಲಿನ ಗಾಯದ ಗೆರೆಯನ್ನು ನೀನು ಅಳಿಸಿದ್ದು ನೋಡಿ ಇದು ನೆನಪಾಯಿತು. ಕತ್ತಿನ ಪಟ್ಟಿ, ಸರಪಳಿ, ಹಿಂದಿನ ಪ್ಲಾಸ್ಟಿಕ್ ಬಕೆಟ್ಟು ಅಳಿಸಿಕೋ, ಅವನೂ ಬೇಡ ಅನ್ನುವುದಿಲ್ಲ. ಗಾಯದ ಗೆರೆ ವಾಪಸು ಹಾಕು.

ಕೊಕ್ಕರೆ ಬೆಳ್ಳೂರಿನ ಫೋಟೋಗಳ ವಿಷಯದಲ್ಲಿ ಮಾತ್ರ ನಾನು ಇಷ್ಟು ಸಡಿಲ ಇಲ್ಲ. ಹುಣಸೆಮರದ ಮೇಲಿನ ಬಣ್ಣದ ಕೊಕ್ಕರೆಗೆ ಕಿತ್ತಳೆ ಸಂಜೆಯ ಆಕಾಶ ಅಂಟಿಸಿದ್ದೀಯ. ಹೇಗೆ ಗೊತ್ತಾಯಿತು ಅಂತೀಯಾ? ಸೂರ್ಯ ಹಕ್ಕಿಯ ಬೆನ್ನ ಹಿಂದೆ ಮುಳುಗುತ್ತಿದ್ದಾನೆ, ಹಕ್ಕಿಯ ಎದೆ ಮೇಲೆ ಮಟಮಟ ಮಧ್ಯಾಹ್ನದ ಬೆಳಕಿದೆ. ರೆಂಬೆಗಳ ಸಂದಿಯಲ್ಲಿ ಹಳೇ ಬಿಳಿ ಆಕಾಶ ಚೂರುಚೂರು ಉಳಿದಿದೆ. ಕಾಲಿಗೆ ಅಡ್ಡ ಇದ್ದ ಕಡ್ಡಿ ಅಳಿಸಲು ಹೋಗಿ ಮೊಣಕಾಲಿನ ಗಂಟೇ ಮಾಯವಾಗಿದೆ. ಬಾಲದ ಹತ್ತಿರದ ಆ ಗುಲಾಬಿ ಗರಿ ಹಕ್ಕಿಗೆ ದೇವರು ಕೊಟ್ಟ ಬಣ್ಣ, ನೀನು ಸ್ಯಾಚುರೇಶನ್ ಎಳೆದು ಅದನ್ನು ಜಾತ್ರೆಯ ಬೊಂಬಾಯಿ ಮಿಠಾಯಿ ಮಾಡಿದ್ದೀಯ. ಕರಿಯ ನಮ್ಮ ಮನೆಯವನು, ಸಲುಗೆ ನಡೆಯುತ್ತದೆ. ಕೊಕ್ಕರೆ ನಮ್ಮ ಮನೆಯದಲ್ಲ. ಫೋಟೋ ನೋಡಿದವನು ಆ ಹಕ್ಕಿ ಹೀಗೇ ಇರುತ್ತದೆ ಅಂತ ನಂಬುತ್ತಾನೆ.

ಸ್ಪರ್ಧೆಗೆ ಕಳಿಸುತ್ತೇನೆ ಅಂದಿದ್ದೀಯ, ಅದಕ್ಕೂ ಹೇಳುತ್ತಿದ್ದೇನೆ. ಹೊರದೇಶದ ದೊಡ್ಡ ಫೋಟೋ ಸಂಸ್ಥೆಗಳಾದ ಫಿಯಾಪ್, ಪಿಎಸ್‌ಎ ಮನ್ನಣೆಯ ಸ್ಪರ್ಧೆಗಳಲ್ಲಿ ನಿಸರ್ಗ ವಿಭಾಗದ ನಿಯಮ ಖಡಕ್ಕು. ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ, ಒಳಗಿರುವುದನ್ನು ಸರಿಸುವಂತಿಲ್ಲ, ಅಂಚು ಕತ್ತರಿಸುವುದು (ಕ್ರಾಪ್) ಬಿಟ್ಟರೆ ಬೇರೆ ರೀತಿಯಲ್ಲಿ ತೆಗೆಯುವಂತಿಲ್ಲ. ಸೆನ್ಸರಿನ ಧೂಳಿನ ಚುಕ್ಕಿ, ನಾಯ್ಸ್ ತೆಗೆಯಬಹುದು, ಬೆಳಕು-ನೆರಳು ಸಹಜವಾಗಿ ಕಾಣುವಷ್ಟು ತಿದ್ದಬಹುದು. ಸಾಕುಪ್ರಾಣಿಗೆ ಆ ವಿಭಾಗದಲ್ಲಿ ಜಾಗವೇ ಇಲ್ಲ, ಕರಿಯನನ್ನು ಬೇರೆ ವಿಭಾಗಕ್ಕೆ ಸೇರಿಸು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಸ್ಪರ್ಧೆಯಲ್ಲಿ 2009ರಲ್ಲಿ ಗೇಟು ಹಾರುವ ತೋಳದ ಚಿತ್ರ ಗೆದ್ದಿತ್ತು. ಆ ತೋಳ ಪಳಗಿಸಿದ್ದೇ ಇರಬೇಕು ಅಂತ ತೀರ್ಪುಗಾರರಿಗೆ ಅನ್ನಿಸಿ 2010ರ ಜನವರಿಯಲ್ಲಿ ಪ್ರಶಸ್ತಿ ವಾಪಸು ಪಡೆದರು. ಫೋಟೋ ತೆಗೆದವನು ಒಪ್ಪಲಿಲ್ಲ, ಆದರೂ ಪ್ರಶಸ್ತಿ ಹೋಯಿತು.

ಇನ್ನು ತೋರಿಸುವ ರೀತಿ. 41ರಲ್ಲಿ ಕರಿಯ ನಿದ್ದೆ ಮಾಡುವುದೇ ಒಂಬತ್ತು. ಒಂದಿಡು. ಒಟ್ಟು ಆರು ಸಾಕು. ನಮ್ಮ ಹಿರಿಯ ವನ್ಯಜೀವಿ ಛಾಯಾಗ್ರಾಹಕರಾದ ಪೆರುಮಾಳ್, ಘೋರ್ಪಡೆಯವರಂಥವರು ಕಾಡಿಗೆ ಹೋಗುವಾಗ ಒಂದು ಫಿಲ್ಮ್ ರೋಲಿಗೆ ಸಿಗುತ್ತಿದ್ದದ್ದು 36 ಕ್ಲಿಕ್ಕು. ಹಕ್ಕಿ ನೋಡುವ ದಿಕ್ಕಿಗೆ ಜಾಗ ಬಿಟ್ಟು ಕ್ರಾಪ್ ಮಾಡು, ಕೊಕ್ಕು ಚೌಕಟ್ಟಿಗೆ ಕುಟ್ಟಬಾರದು. ನಿನ್ನ ಹೆಸರನ್ನು ಹಕ್ಕಿಯ ಹೊಟ್ಟೆ ಮೇಲೆ ಹೋರಿಗೆ ಮುದ್ರೆ ಒತ್ತಿದ ಹಾಗೆ ಹಾಕಿದ್ದೀಯ, ಮೂಲೆಗೆ ಸರಿಸು. ಕೆಳಗೆ ಹಕ್ಕಿಯ ಹೆಸರು, ಊರು, ತಿಂಗಳು ಬರೆ, "ಪ್ರಕೃತಿಯ ಮಡಿಲಲ್ಲಿ" ಅಂತೆಲ್ಲ ಬೇಡ. ಬೆಳ್ಳೂರು ಎಲ್ಲರಿಗೂ ಗೊತ್ತಿರುವ ಊರು. ಆದರೆ ನಿನ್ನ ಆಫೀಸಿನ ಹಿಂದಿನ ಗೂಬೆ ಗೂಡಿನ ಜಾಗ ಮಾತ್ರ ಯಾರಿಗೂ ಹೇಳಬೇಡ. ಫೋಟೋ ಫೈಲಿನೊಳಗೇ ಲೊಕೇಶನ್ ಕೂತಿರುತ್ತದೆ, ಹಾಕುವ ಮುಂಚೆ ಅದನ್ನು ತೆಗೆ.

ಬಾಗಿಲಲ್ಲಿ ಕೂತು ನಾಲಿಗೆ ಚಾಚಿದ್ದಾನಲ್ಲ ಕರಿಯ, ಅದನ್ನು 12 ಇಂಚು ಎತ್ತರ, 18 ಇಂಚು ಅಗಲಕ್ಕೆ ನಾನೇ ಹಾಕಿಸಿ ಫ್ರೇಮು ಮಾಡಿಸುತ್ತೇನೆ. ನನಗೆ ಬಂದ ಫೈಲಿನ ಅಗಲ 1600 ಪಿಕ್ಸೆಲ್. ಇಂಚಿಗೆ 300ರ ಲೆಕ್ಕದಲ್ಲಿ ಐದು ಇಂಚಿಗೆ ಸರಿ, 18ಕ್ಕೆ 5400 ಬೇಕು. ನಿನ್ನ ಕ್ಯಾಮೆರಾ 6000 ಕೊಡುತ್ತದೆ, ವಾಟ್ಸಾಪು ನುಂಗಿದೆ. ಡಾಕ್ಯುಮೆಂಟ್ ಅಂತ ಕಳಿಸು, ಇಲ್ಲವೇ ಯುಗಾದಿಗೆ ಬರುವಾಗ ಪೆನ್‌ಡ್ರೈವಿನಲ್ಲಿ ತಾ. ತಿದ್ದಿದ್ದು ಬೇಡ, ಮೂಲದ್ದೇ ಬೇಕು. ಬರುವಾಗ ಅವನನ್ನೂ ಕರೆದುಕೊಂಡು ಬಾ. ನಿನ್ನ ಅತ್ತೆ ಬೈದರೆ ನಾನು ನೋಡಿಕೊಳ್ಳುತ್ತೇನೆ.

ಇಂತಿ ನಿನ್ನ ಮಾವ