ಬಣ್ಣ ಕೊನೆಗಿರಲಿ, ಮೊದಲು ಬೋಗಿಗಳ ಲೆಕ್ಕ

ಮಾನ್ಯ ಸಂಪಾದಕರೇ,

ರೈಲು ಸಿಮ್ಯುಲೇಶನ್ ಆಟಕ್ಕೆ ಜಪಾನಿನ ಲೋಕಲ್ ರೈಲು ಕಟ್ಟುವುದು ಬಲು ಸುಲಭ, ಡಬ್ಬಿಯಂಥ ಬೋಗಿಗೆ ಹಸಿರು ಪಟ್ಟಿ ಬಳಿದರೆ ಟೋಕಿಯೊದ ಯಾಮಾನೋತೆ ರೈಲು ಸಿದ್ಧ ಎಂಬ ಮಾತು ಆಗಾಗ ಕೇಳಿಬರುತ್ತದೆ. ಹಾಗೆ ಕಟ್ಟಿದ ರೈಲು ನಿಂತಲ್ಲಿ ಚೆನ್ನಾಗಿಯೇ ಕಾಣುತ್ತದೆ. ಹೊರಟ ಹತ್ತು ಸೆಕೆಂಡಿನಲ್ಲಿ ಅದರ ಬಣ್ಣ ಬಯಲಾಗುತ್ತದೆ. ಓಪನ್‌ಬಿವಿಇ ಎಂಬ ಉಚಿತ ಆಟವನ್ನು ಮುಂದಿಟ್ಟುಕೊಂಡು, ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಹೇಳಲು ಈ ಪತ್ರ.

ಮೊದಲು ಇಸವಿ ಗೊತ್ತುಮಾಡಿಕೊಳ್ಳಬೇಕು. ಟೋಕಿಯೊದ ಚುವೊ ಕ್ಷಿಪ್ರ ಮಾರ್ಗದ ಇ233 ಮಾದರಿಯ ರೈಲು 2006ರಲ್ಲಿ ಬಂದಾಗ 10 ಬೋಗಿಗಳದ್ದು. ಅವುಗಳಲ್ಲಿ 6 ಮೋಟಾರು ಬೋಗಿ, 4 ಎಳೆಸಿಕೊಳ್ಳುವ ಬೋಗಿ. ಈಚೆಗೆ ಎರಡು ಡಬಲ್ ಡೆಕ್ಕರ್ ಗ್ರೀನ್ (ಮೇಲ್ದರ್ಜೆಯ) ಬೋಗಿ ಸೇರಿ 12 ಆಯಿತು, ಮೋಟಾರು ಬೋಗಿಗಳು ಮಾತ್ರ ಆರೇ ಉಳಿದವು. ಜಪಾನಿನ ಬೋಗಿ ಹೆಸರುಗಳಲ್ಲೇ ಈ ಲೆಕ್ಕ ಅಡಗಿದೆ: ‘ಕು’ ಎಂದರೆ ಚಾಲಕನ ಕೋಣೆಯುಳ್ಳದ್ದು, ‘ಮೋ’ ಮೋಟಾರಿನದು, ‘ಸಾ’ ಎರಡೂ ಇಲ್ಲದ್ದು, ‘ಹಾ’ ಸಾಮಾನ್ಯ ದರ್ಜೆ. ಕುಹಾ, ಮೋಹಾ, ಸಾಹಾ ಎಂದು ಸಾಲಾಗಿ ಬರೆದುಕೊಂಡರೆ ಅರ್ಧ ವಿನ್ಯಾಸ ಮುಗಿದಂತೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ? ಇ233ರ ವೇಗೋತ್ಕರ್ಷ 3, ಅಂದರೆ ಪ್ರತಿ ಸೆಕೆಂಡಿಗೂ ಅದರ ವೇಗ ಗಂಟೆಗೆ 3 ಕಿ.ಮೀ.ನಷ್ಟು ಏರುತ್ತದೆ. ಹತ್ತರಲ್ಲಿ ಆರು ಬೋಗಿಗಳು ದುಡಿದರೆ ಮೋಟಾರು ಚಕ್ರಗಳಿಗೆ ಬೇಕಾಗುವ ಹಿಡಿತ ಅವುಗಳ ಮೇಲಿನ ಭಾರದ ಸುಮಾರು 0.14 ಪಾಲು. ಎರಡೇ ಮೋಟಾರು ಬೋಗಿ ಎಂದು ಬರೆದುಬಿಟ್ಟರೆ ಅದು 0.42ಕ್ಕೆ ಏರುತ್ತದೆ. ಹಿಡಿತದ ಮಿತಿಯನ್ನು ಹೇಳುವ ಘರ್ಷಣೆಯ ಗುಣಾಂಕಕ್ಕೆ ಸಾಮಾನ್ಯವಾಗಿ ಬಳಸುವ ಮೌಲ್ಯ 0.35. ಇನ್ನೇನು, ರೈಲು ನಿಲ್ದಾಣದಲ್ಲೇ ಚಕ್ರ ತಿರುಗಿಸುತ್ತ ಕೂರುತ್ತದೆ. ಆಗ ಬಹಳ ಮಂದಿ ಗುಣಾಂಕವನ್ನೇ ಏರಿಸುತ್ತಾರೆ. ರೋಗ ಬಿಟ್ಟು ಥರ್ಮಾಮೀಟರಿಗೆ ಮದ್ದು ಹಾಕಿದ ಹಾಗೆ!

ಆಟದ ಕಡತದಲ್ಲಿ ವೇಗೋತ್ಕರ್ಷದ ಸಾಲಿನಲ್ಲಿ ಐದು ಸಂಖ್ಯೆಗಳಿವೆ: ಸೊನ್ನೆ ವೇಗದಲ್ಲಿನ ಬೆಲೆ, ಮೊದಲ ತಿರುವಿನಲ್ಲಿನ (ಎಳೆತ ಇಳಿಯತೊಡಗುವಲ್ಲಿನ) ಬೆಲೆ, ಆ ತಿರುವಿನ ವೇಗ, ಎರಡನೇ ತಿರುವಿನ ವೇಗ, ಕೊನೆಗೆ ಅದರಾಚೆ ಎಳೆತ ಎಷ್ಟು ಬೇಗ ಇಳಿಯಬೇಕು ಎಂಬ ಘಾತ. 3.0, 3.0, 40, 80, 2 ಎಂದು ಆರಂಭಿಸಬಹುದು. ಹೀಗಿಟ್ಟರೆ ಗಂಟೆಗೆ 40 ಕಿ.ಮೀ. ವೇಗದವರೆಗೆ ಎಳೆತ ಸಮವಾಗಿರುತ್ತದೆ, 80ಕ್ಕೆ ಬರುವಾಗ 1.5ಕ್ಕೆ ಇಳಿದಿರುತ್ತದೆ, 100ರಲ್ಲಿ 0.96. ನಂತರ ಚಾಲಕನ ಕೋಣೆಯ ವಿಡಿಯೊ ನೋಡುತ್ತ ಎರಡು ತಿರುವುಗಳನ್ನು ಹಿಂದೆಮುಂದೆ ಸರಿಸಬೇಕು. 120ರವರೆಗೂ 3.0 ಎಂದೇ ಬಿಟ್ಟರೆ ಅದು ಲೋಕಲ್ ರೈಲಲ್ಲ, ಕವಣೆ ಕಲ್ಲು.

ಸದ್ದಿನ ವಿಷಯದಲ್ಲಿ ಎಡವದವರು ಕಡಿಮೆ. ಮೋಟಾರಿನ ಸದ್ದಿನ ಪಟ್ಟಿಯಲ್ಲಿ ಒಂದೊಂದು ಸಾಲೂ 0.2 ಕಿ.ಮೀ. ವೇಗಕ್ಕೆ ಸೇರಿದ್ದು, 120ರವರೆಗೆ 600 ಸಾಲು ತುಂಬಬೇಕು. ಒಂದೇ ಸದ್ದನ್ನು ವೇಗದೊಡನೆ ಏರಿಸುತ್ತ ಹೋಗುವುದು ಎಲ್ಲರೂ ಮಾಡುವ ತಪ್ಪು. ನಿಜವಾದ ರೈಲಿನಲ್ಲಿ ಎರಡು ಬೇರೆ ಬೇರೆ ಸದ್ದುಗಳಿವೆ. ಗೇರಿನ ಗುನುಗು ವೇಗಕ್ಕೆ ತಕ್ಕಂತೆ ಏರುತ್ತದೆ. ಇ233ರ ಗೇರಿನಲ್ಲಿ ಮೋಟಾರಿನ ಕಡೆ 16, ಚಕ್ರದ ಕಡೆ 97 ಹಲ್ಲು, ಚಕ್ರದ ವ್ಯಾಸ 860 ಮಿ.ಮೀ.; ಸೆಕೆಂಡಿಗೆ ಚಕ್ರ ಸುತ್ತುವ ಸಂಖ್ಯೆಯನ್ನು 97ರಿಂದ ಗುಣಿಸಿ ನೋಡಿದರೆ 60 ಕಿ.ಮೀ. ವೇಗದಲ್ಲಿ ಗುನುಗು ಸುಮಾರು 600 ಹರ್ಟ್ಸ್. ಆ ವೇಗದ ಧ್ವನಿತುಣುಕಿಗೆ ಶ್ರುತಿ 100 ಎಂದಿಟ್ಟರೆ 30 ಕಿ.ಮೀ.ಗೆ 50. ಮೋಟಾರಿಗೆ ತಕ್ಕಂತೆ ವಿದ್ಯುತ್ತನ್ನು ಮಾರ್ಪಡಿಸುವ ಇನ್ವರ್ಟರಿನ ಕೀರಲು ಸದ್ದು ಹಾಗಲ್ಲ. ಹೊರಡುವಾಗ ಅದರ ಶ್ರುತಿ ವೇಗ ಏರಿದರೂ ಕದಲದೆ ನಿಲ್ಲುತ್ತದೆ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತದೆ. ಆದ್ದರಿಂದ ಎಳೆತದ ಸದ್ದಿಗೆ ಆಟ ಕೊಡುವ ಎರಡು ಪಟ್ಟಿಗಳಲ್ಲಿ ಒಂದನ್ನು ಗೇರಿಗೆ, ಇನ್ನೊಂದನ್ನು ಇನ್ವರ್ಟರಿಗೆ ಮೀಸಲಿಡಬೇಕು. ಕೇಕ್ಯು ಕಂಪನಿಯ 2100 ಮಾದರಿಯ ರೈಲು ಸ್ವರ ಹಾಡಿದಂತೆ ಹೊರಡುತ್ತಿದ್ದುದು ಅದರ ಸೀಮೆನ್ಸ್ ಇನ್ವರ್ಟರಿನ ಈ ಮೆಟ್ಟಿಲುಗಳಿಂದಲೇ. 103 ಮಾದರಿಯಂಥ ಹಳೆಯ ರೈಲಿನಲ್ಲಿ ಇನ್ವರ್ಟರೇ ಇಲ್ಲ. ಅದಕ್ಕೆ ಕೀರಲು ಸೇರಿಸುವುದು ಎತ್ತಿನಗಾಡಿಗೆ ಹಾರ್ನ್ ಕಟ್ಟಿದಂತೆ.

ಬ್ರೇಕಿನ ವಿಧವೂ ಇಸವಿಯ ಜೊತೆಗೇ ಬದಲಾಗುತ್ತದೆ. 103 ಮತ್ತು 201ರದು ವಿದ್ಯುತ್‌ಕಾಂತೀಯ ನೇರ ವಾಯು ಬ್ರೇಕ್, ಆಟದಲ್ಲಿ ಅದರ ಸಂಖ್ಯೆ 0. 205ರಿಂದ ಮುಂದೆ ವಿದ್ಯುತ್ ಆಜ್ಞೆಯ ಬ್ರೇಕ್, ಸಂಖ್ಯೆ 1. ಇ233ರದು ಎಡಗೈಯ ಒಂದೇ ಹಿಡಿಕೆ: ಎಳೆತಕ್ಕೆ 5 ಮೆಟ್ಟಿಲು, ಬ್ರೇಕಿಗೆ 8, ಅದರಾಚೆ ತುರ್ತು ಬ್ರೇಕ್.

ಆಕಾರದಲ್ಲಿ ತಲೆನೋವು ಕೊಡುವುದು ಉದ್ದ. 20 ಮೀಟರ್ ಎಂಬುದು ಕೊಂಡಿಯಿಂದ ಕೊಂಡಿಗೆ ಇರುವ ಅಳತೆ, ಮಧ್ಯದ ಬೋಗಿಯ ಒಡಲು 19.5 ಮಾತ್ರ. ಬೋಗಿಗೆ 20 ಎಂದು ಬರೆದು ನಡುವೆ 0.3 ಮೀಟರ್ ಅಂತರವನ್ನೂ ಬಿಟ್ಟರೆ 11 ಬೋಗಿಯ ಯಾಮಾನೋತೆ ರೈಲು 3 ಮೀಟರ್ ಬೆಳೆಯುತ್ತದೆ. ರೈಲಿನ ಬಾಗಿಲ ಅಗಲವೇ 1.3 ಮೀಟರ್! ಕೊನೆಯ ಬೋಗಿಯಿಂದ ಇಳಿಯುವವರು ಪ್ಲಾಟ್‌ಫಾರ್ಮಿನ ಅಂಚಿನ ಬಾಗಿಲುಳ್ಳ ಬೇಲಿಗೆ ಹಣೆ ಚಚ್ಚಿಕೊಳ್ಳಬೇಕು. ಒಡಲು 19.5, ಅಂತರ 0.5 ಎಂದಿಡಿ. ಟ್ರಕ್ಕುಗಳ (ಬೋಗಿಯ ಕೆಳಗಿನ ಚಕ್ರದ ಚೌಕಟ್ಟುಗಳ) ನಡುವಿನ ದೂರ 13.8 ಮೀಟರ್, ಅಂದರೆ ಬೋಗಿಯ ನಡುವಿನಿಂದ 6.9 ಹಿಂದೆ, 6.9 ಮುಂದೆ. ಕಡತದಲ್ಲಿ ಬೋಗಿಗಳ ಎಣಿಕೆ 0ಯಿಂದ ಶುರುವಾಗುತ್ತದೆ, ಹಾಗಾಗಿ 10ನೇ ಬೋಗಿಯ ಸಂಖ್ಯೆ 9. ಯಾಮಾನೋತೆಯ ಇ235 ಕಟ್ಟುವವರು ಆ 10ನೇ ಬೋಗಿಯನ್ನು ಉಳಿದವುಗಳ ನಕಲು ಮಾಡಬಾರದು. ಹಲವು ರೈಲುಗಳಲ್ಲಿ ಅದು ಹಳೆಯ ಇ231ರಿಂದ ಬಂದದ್ದು, ಟೋಕಿಯೊದ ಮತ್ತೊಂದು ಮಾರ್ಗವಾದ ಕೇಹಿನ್-ತೋಹೊಕುವಿನ ರೈಲಿನ ತುದಿಬೋಗಿಗೆ ಹೊಂದುವಂತೆ ಅದರ ಬಾಗಿಲುಗಳ ಅಂತರ ಬೇರೆಯಿದೆ.

ಬೋಗಿಯ ಎಡಮಗ್ಗುಲನ್ನೇ ತಿರುಗಿಸಿ ಬಲಕ್ಕೆ ಅಂಟಿಸುವ ಚಾಳಿಯೂ ಇದೆ. ಕೆಳಗಿನ ಪೆಟ್ಟಿಗೆಗಳು ಎರಡೂ ಬದಿಗೆ ಒಂದೇ ರೀತಿ ಇರುವುದಿಲ್ಲ. ಜೋಡಿ ಮೋಟಾರು ಬೋಗಿಗಳಲ್ಲಿ ಒಂದರ ಕೆಳಗೆ ಇನ್ವರ್ಟರ್, ಮತ್ತೊಂದರ ಕೆಳಗೆ ಕಂಪ್ರೆಸರ್. ಮೇಲ್ಮೈಗಳ ಮೂಲೆಬಿಂದುಗಳನ್ನು, ಹೊರಗಿನಿಂದ ನೋಡಿದಂತೆ, ಗಡಿಯಾರದ ದಿಕ್ಕಿನಲ್ಲೇ ಬರೆಯಬೇಕು, ಇಲ್ಲವಾದರೆ ಹೊರಗಿನಿಂದ ಗೋಡೆಯೇ ಕಾಣದು. ಕಿಟಕಿಯನ್ನು ಪಾರದರ್ಶಕ ಮಾಡಲು ಗೊತ್ತುಮಾಡಿದ ಬಣ್ಣ ಇರುವ ಚಿತ್ರವನ್ನು ಜೆಪೆಗ್ ಆಗಿ ಉಳಿಸಿದರೆ ಬಣ್ಣ ಅಂಚಿನಲ್ಲಿ ಕಲಸಿ ಕಿಟಕಿಯ ಸುತ್ತ ಕೊಳಕು ಗೆರೆ ಮೂಡುತ್ತದೆ, ಪಿಎನ್‌ಜಿ ಬಳಸಿ.

ಇನ್ನು ಬಣ್ಣ. ಚುವೊ ಕ್ಷಿಪ್ರ ಮಾರ್ಗಕ್ಕೆ ಕಿತ್ತಳೆ, ಕೇಹಿನ್-ತೋಹೊಕುಗೆ ಆಕಾಶನೀಲಿ, ಚುವೊ-ಸೋಬುಗೆ ಹಳದಿ. 103ಕ್ಕೆ ಮೈತುಂಬ ಬಣ್ಣ, 205ರಿಂದ ಸ್ಟೇನ್‌ಲೆಸ್ ಮೈಗೆ ಪಟ್ಟಿ. ಯಾಮಾನೋತೆಯ ಇ235ರಲ್ಲಿ ಹಸಿರು ಅಡ್ಡಪಟ್ಟಿಯಾಗಿಲ್ಲ, ಬಾಗಿಲುಗಳ ಮೇಲೆ ಚುಕ್ಕಿಗಳಾಗಿ ನಿಂತಿದೆ, ಏಕೆಂದರೆ ಪ್ಲಾಟ್‌ಫಾರ್ಮಿನ ಬೇಲಿ ಸೊಂಟದ ಪಟ್ಟಿಯನ್ನು ಮರೆಮಾಡುತ್ತದೆ. ಪಟ್ಟಿಯನ್ನು ಬೇರೆ ಮೇಲ್ಮೈಯಾಗಿ ಕೂರಿಸುವುದಾದರೆ ಗೋಡೆಯಿಂದ 5 ಮಿ.ಮೀ. ಹೊರಗಿಡಿ; ಗೋಡೆಗೆ ತೀರ ಅಂಟಿದರೆ ದೂರದಿಂದ ನೋಡುವಾಗ ಮಿನುಗುತ್ತದೆ.

ಇತಿ,
ರೈಲು ಮಾದರಿ ತಯಾರಿಸುವ ಓದುಗರು